ಹೂಳೆತ್ತುವ ತಿಂಗಳು

ಏಪ್ರಿಲ್ ಬಂತೆಂದರೆ ನಮ್ಮ ತೊಂಡೇಬಾವಿ ಸೀಮೆಯಲ್ಲಿ ಕಾಗೆಗೂ ಕೂಗುವುದು ಬೇಡವಾಗುತ್ತದೆ. ಬೆಂಗಳೂರಿನಿಂದ ಹಿಂದೂಪುರದ ಕಡೆ ಹೊರಟ ರೈಲು ದೊಡ್ಡಬಳ್ಳಾಪುರ ದಾಟಿ, ಸಿಮೆಂಟ್ ಕಾರ್ಖಾನೆ ಕಣ್ಣಿಗೆ ಬೀಳುವ ಹೊತ್ತಿಗೆ ಕಿಟಕಿಯ ಸರಳು ಮುಟ್ಟಿದರೆ ಚುರ್ರೆನ್ನುತ್ತದೆ. ರಾಗಿ ಎಂದೋ ಕಣ ಮುಗಿಸಿ ಮನೆ ಸೇರಿದೆ, ಕಡಲೆಕಾಯಿ ಹೊಲ ಬೋಳು, ಮಳೆ ಇನ್ನೂ ಪಂಚಾಂಗದಲ್ಲೇ ಇದೆ. ಗಂಡಸರು ಬೆಳಗಿನ ರೈಲು ಹತ್ತಿ ಯಲಹಂಕ, ಯಶವಂತಪುರ ಎಂದು ಕೂಲಿ ಹುಡುಕಿ ಹೋಗುತ್ತಾರೆ. ವಯಸ್ಸಿನ ಹುಡುಗಿಯರನ್ನು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಬಸ್ಸು ತುಂಬಿಕೊಂಡು ಹೋಗುತ್ತದೆ. ಊರಲ್ಲಿ ಉಳಿಯುವವರು ಯಾರು? ನಡುವಯಸ್ಸಿನ ಹೆಂಗಸರು, ಮೊಮ್ಮಕ್ಕಳು, ಎಮ್ಮೆಗಳು, ಮತ್ತೆ ಅರಳಿಕಟ್ಟೆಯ ಮೇಲೆ ಕೂತು ದೇಶ ಆಳುವ ನನ್ನಂಥ ನಾಲ್ಕು ಜನ. ಈ ಪೈಕಿ ಕೆಲಸಕ್ಕೆ ಬರುವವರು ಯಾರೆಂದು ಬೇರೆ ಹೇಳಬೇಕಿಲ್ಲ. ಎಮ್ಮೆ ಹಾಲಾದರೂ ಕೊಡುತ್ತದೆ.

ಇದೇ ತಿಂಗಳಲ್ಲಿ ಕೆರೆ ಒಣಗುತ್ತದೆ. ಕೆರೆ ಒಣಗಿದರೆ ಹೂಳು ಕಾಣುತ್ತದೆ, ಹೂಳು ಕಂಡರೆ ಪಂಚಾಯ್ತಿಗೆ ಖಾತ್ರಿ ಕೆಲಸ ನೆನಪಾಗುತ್ತದೆ. ಸರ್ಕಾರಿ ಕಾಗದದಲ್ಲಿ ಇದಕ್ಕೆ ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಎಂದು ಒಂದು ಮಾರುದ್ದದ ಹೆಸರಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಬೇರೆ ಕಾಯ್ದೆ ತಂದು, 100 ದಿನವನ್ನು 125 ಮಾಡಿ, ಖರ್ಚಿನಲ್ಲಿ ರಾಜ್ಯಗಳ ಪಾಲನ್ನು ಹಿಗ್ಗಿಸಿ, ಹೆಸರಿನಿಂದ ಗಾಂಧಿಯವರನ್ನು ಇಳಿಸಿತು. ದೆಹಲಿಯಲ್ಲಿ ಅದರ ಬಗ್ಗೆ ದೊಡ್ಡ ಗಲಾಟೆಯಾಯಿತು. ನಮ್ಮ ಹೆಂಗಸರು ಮೊದಲೂ ಖಾತ್ರಿ ಕೆಲಸ ಎನ್ನುತ್ತಿದ್ದರು, ಈಗಲೂ ಅದನ್ನೇ ಅನ್ನುತ್ತಾರೆ.

ಏಪ್ರಿಲ್ ಹುತಾತ್ಮರ ತಿಂಗಳೂ ಹೌದು. ಅದು ನಮಗೆ ಗೊತ್ತಾಗುವುದು ಪಕ್ಕದ ವಿದುರಾಶ್ವತ್ಥದಿಂದ. ಗೌರಿಬಿದನೂರು ದಾಟಿ ಹಿಂದೂಪುರದ ದಾರಿ ಹಿಡಿದರೆ ಉತ್ತರ ಪಿನಾಕಿನಿ ನದಿ, ಅಂದರೆ ಉತ್ತರ ಪಿನಾಕಿನಿಯ ಮರಳು, ಅದರ ದಡದಲ್ಲಿ ಅಶ್ವತ್ಥನಾರಾಯಣನ ಗುಡಿ. ಮಹಾಭಾರತದ ವಿದುರ ನೆಟ್ಟನೆಂಬ ಅರಳಿಮರವಿದ್ದ ಜಾಗದ ಸುತ್ತ ಮಕ್ಕಳಾಗದವರು ಹರಕೆ ಹೊತ್ತು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಸಾವಿರಾರು. ಇಲ್ಲಿ 1938ರ ಏಪ್ರಿಲ್ 25ರಂದು, ನಿಷೇಧ ಮುರಿದು ಕಾಂಗ್ರೆಸ್ ಬಾವುಟದಡಿ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅದಕ್ಕೆ ಎರಡು ವಾರ ಮೊದಲಷ್ಟೇ ಮದ್ದೂರಿನ ಶಿವಪುರದಲ್ಲಿ ಇದೇ ಬಾವುಟ ಹಾರಿತ್ತು. ಅಲ್ಲಿ ಬಂಧನವಾಯಿತು, ಇಲ್ಲಿ ಹೆಣ ಬಿದ್ದವು. ಸತ್ತವರೆಷ್ಟು? ಸರ್ಕಾರದ ಲೆಕ್ಕ ಹತ್ತರ ಸುತ್ತ ನಿಂತಿತು, ಜನರ ಲೆಕ್ಕ 32. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ಮುಂದೆ ವಿಚಾರಣೆ ನಡೆಯಿತು. ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಓಡಿಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಜೊತೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಪಕ್ಕ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು.

ಅಂದಿನಿಂದ ನಮ್ಮೂರ ಭಾಷಣಕಾರರಿಗೆ ಒಂದು ವಾಕ್ಯ ಬಾಯಿಪಾಠ: ವಿದುರಾಶ್ವತ್ಥ ಎಂದರೆ ದಕ್ಷಿಣದ ಜಲಿಯನ್‌ವಾಲಾಬಾಗ್. ಈ ಮಾತು ಕೇಳಿದಾಗಲೆಲ್ಲ ನನಗೆ ಕೊಂಚ ಮುನಿಸು. ನಮ್ಮವರು ಸತ್ತದ್ದಕ್ಕೂ ಇನ್ನೊಬ್ಬರ ಊರಿನ ಹೆಸರಿನ ಆಸರೆ ಬೇಕೆ? ಅಮೃತಸರದವರು ಎಂದಾದರೂ ತಮ್ಮ ಬಾಗನ್ನು ಉತ್ತರದ ವಿದುರಾಶ್ವತ್ಥ ಅಂದಿದ್ದಾರೆಯೇ? ಅನ್ನಲಿ ನೋಡೋಣ. ಆದರೆ ಈ ಮುನಿಸಿನಿಂದ ಒಂದು ಲಾಭವಾಯಿತು. ಪಂಜಾಬಿನವರು ತಮ್ಮ ಹುತಾತ್ಮರನ್ನು ಹೇಗೆ ನೆನೆಯುತ್ತಾರೆ ಎಂದು ಹುಡುಕಿ ಓದುವ ಚಟ ಹತ್ತಿತು. ಕಟ್ಟೆಯ ಮೇಲೆ ಕೂತವನಿಗೆ ಸಮಯಕ್ಕೇನು ಬರ.

1919ರ ಏಪ್ರಿಲ್ 13, ಬೈಸಾಖಿ. ಜಲಿಯನ್‌ವಾಲಾಬಾಗಿನಲ್ಲಿ ಸೇರಿದ್ದ ಜನರ ಮೇಲೆ ಜನರಲ್ ಡಯರ್‌ನ ಸಿಪಾಯಿಗಳು 1,650 ಸುತ್ತು ಹಾರಿಸಿದರು. ಸರ್ಕಾರಿ ಲೆಕ್ಕ 379, ಕಾಂಗ್ರೆಸ್ಸಿನ ಲೆಕ್ಕ ಸಾವಿರದ ಮೇಲೆ. ನೋಡಿ, ಹೆಣ ಎಣಿಸುವುದರಲ್ಲಿ ಉತ್ತರವೂ ಒಂದೇ, ದಕ್ಷಿಣವೂ ಒಂದೇ. ಸತ್ತವರಲ್ಲಿ ಸಿಖ್ಖರು, ಹಿಂದೂಗಳು, ಮುಸಲ್ಮಾನರು ಎಲ್ಲರೂ ಇದ್ದರು. ಇಪ್ಪತ್ತೊಂದು ವರ್ಷದ ಮೇಲೆ, 1940ರ ಮಾರ್ಚ್ 13ರಂದು, ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಆ ಹತ್ಯಾಕಾಂಡದ ಹೊತ್ತಿಗೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಓಡ್ವಯರ್‌ನನ್ನು ಕೊಂದ ಉಧಮ್ ಸಿಂಗ್, ಪೊಲೀಸರ ಮುಂದೆ ತನ್ನ ಹೆಸರು ಮೊಹಮ್ಮದ್ ಸಿಂಗ್ ಆಜಾದ್ ಎಂದ. ಅದೇ ಜುಲೈನಲ್ಲಿ ಗಲ್ಲಿಗೇರಿಸಿದರು. ಅಸ್ಥಿ ಊರಿಗೆ ಬಂದದ್ದು 1974ರಲ್ಲಿ.

ಸಿಖ್ಖರ ಹುತಾತ್ಮರ ಪಟ್ಟಿ ಉಧಮ್ ಸಿಂಗ್, ಭಗತ್ ಸಿಂಗರಿಗಿಂತ ಬಹಳ ಹಳೆಯದು. 1606ರಲ್ಲಿ ಲಾಹೋರಿನಲ್ಲಿ ಗುರು ಅರ್ಜನ್ ದೇವ್. 1675ರಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಗುರು ತೇಗ್ ಬಹಾದ್ದೂರ್. ಆಮೇಲೆ ಸರ್‌ಹಿಂದ್‌ನಲ್ಲಿ ಗುರು ಗೋಬಿಂದ್ ಸಿಂಗರ ಇಬ್ಬರು ಎಳೆಯ ಮಕ್ಕಳು. ದಿನಾ ಗುರುದ್ವಾರದ ಪ್ರಾರ್ಥನೆಯಲ್ಲಿ ಪ್ರಾಣ ಕೊಟ್ಟವರನ್ನೆಲ್ಲ ನೆನೆಯುವುದುಂಟು. ನನಗೆ ಬೆರಗು ಹುಟ್ಟಿಸಿದ್ದು ಪಟ್ಟಿಯ ಉದ್ದವಲ್ಲ, ನೆನೆಯುವ ರೀತಿ. ಕಾದ ಹಂಚಿನ ಮೇಲೆ ಕೂರಿಸಿ, ಮೈಮೇಲೆ ಸುಡುವ ಮರಳು ಸುರಿದು ಅರ್ಜನ್ ದೇವರನ್ನು ಹಿಂಸಿಸಿದರೆಂಬುದು ಅವರ ನಂಬಿಕೆ. ಅದರ ನೆನಪಿಗೆ ಮೇ-ಜೂನಿನ ಉರಿಬಿಸಿಲಲ್ಲಿ ರಸ್ತೆಗೆ ಬಂದು, ಹಾದುಹೋಗುವ ಬಸ್ಸು, ಲಾರಿ, ಸೈಕಲ್ಲುಗಳನ್ನೆಲ್ಲ ನಿಲ್ಲಿಸಿ ತಣ್ಣನೆಯ ಸಿಹಿ ಹಾಲುನೀರು ಕುಡಿಸುತ್ತಾರೆ. ಅದಕ್ಕೆ ಛಬೀಲ್ ಎಂದು ಹೆಸರು. ನಿಮ್ಮ ಜಾತಿ ಏನು, ನಿಮಗೆ ಅರ್ಜನ್ ದೇವ್ ಗೊತ್ತೇ ಎಂದು ಯಾರೂ ಕೇಳುವುದಿಲ್ಲ. ಬಾಯಾರಿದೆಯೇ? ಕುಡಿ. ನಾವೂ ರಾಮನವಮಿಗೆ ಪಾನಕ ಹಂಚುತ್ತೇವೆ, ಸುಳ್ಳೇಕೆ. ಆದರೆ ಅದು ಹುಟ್ಟಿದವನ ಲೆಕ್ಕದ್ದು. ಸತ್ತವರ ಲೆಕ್ಕಕ್ಕೆ ನಮ್ಮಲ್ಲಿರುವುದು ಹಾರ, ಎರಡು ನಿಮಿಷದ ಮೌನ, ಅಧ್ಯಕ್ಷರ ಭಾಷಣ.

ಇನ್ನೊಂದು ಸಂಗತಿ ಓದಿ ನಾನು ಕೂತಲ್ಲೇ ಎದ್ದು ಕೂತೆ. ಅಮೃತಸರದ ಸ್ವರ್ಣಮಂದಿರದ ಸುತ್ತ ಇರುವ ಸರೋವರದಲ್ಲಿ ಹೂಳು ತುಂಬಿದಾಗ ಗುತ್ತಿಗೆದಾರನನ್ನು ಕರೆಯುವುದಿಲ್ಲ. ಕಾರ್ ಸೇವಾ ಎಂದು ಘೋಷಿಸುತ್ತಾರೆ. 1923ರಲ್ಲಿ, 1973ರಲ್ಲಿ, ಮತ್ತೆ 2004ರಲ್ಲಿ ಹಾಗೆ ನಡೆಯಿತು. ಚಿನ್ನ-ಬೆಳ್ಳಿಯ ಗುದ್ದಲಿ ಬುಟ್ಟಿಗಳಲ್ಲಿ ಮೊದಲ ಮಣ್ಣೆತ್ತಿ ಶಾಸ್ತ್ರ ಮಾಡುತ್ತಾರೆ, ಆಮೇಲೆ ಲಕ್ಷಾಂತರ ಜನ ಇಳಿಯುತ್ತಾರೆ. ಜಮೀನ್ದಾರನ ಹೆಂಡತಿ, ಕಾಲೇಜಿನ ಮೇಷ್ಟರು, ಪೊಲೀಸು, ಕೆನಡಾದಿಂದ ರಜೆಗೆ ಬಂದವರು, ಎಲ್ಲರ ತಲೆಯ ಮೇಲೂ ಕೆಸರಿನ ಬುಟ್ಟಿ. ಒಂದು ಬುಟ್ಟಿ ಹೂಳು ಹೊತ್ತರೆ ಜನ್ಮ ಸಾರ್ಥಕ ಎನ್ನುತ್ತಾರೆ.

ಅಲ್ಲಾ, ಹೂಳು ಹೊರುವುದು ಜನ್ಮ ಸಾರ್ಥಕದ ಕೆಲಸವಾದರೆ, ನಮ್ಮ ಹೋಬಳಿಯ ಹೆಂಗಸರಿಗೆ ಇಷ್ಟರಲ್ಲಿ ಏಳು ಜನ್ಮಕ್ಕಾಗುವಷ್ಟು ಪುಣ್ಯ ಸೇರಿರಬೇಕು!

ಆ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಕೆರೆಯಂಗಳದಲ್ಲಿ ಸುಣ್ಣದಪುಡಿ ಎಳೆದು ಚೌಕ ಹಾಕಿರುತ್ತಾರೆ. ಒಂದು ಗುಂಪಿಗೆ ಇಷ್ಟುದ್ದ, ಇಷ್ಟಗಲ, ಇಷ್ಟಾಳ. ಗಟ್ಟಿಮುಟ್ಟಾದವರು ಹಾರೆ ಗುದ್ದಲಿ ಹಿಡಿದು ಅಗೆಯುತ್ತಾರೆ, ಮಿಕ್ಕವರು ತಲೆಗೆ ಸಿಂಬೆ ಇಟ್ಟು ಬಾಂಡ್ಲಿಯಲ್ಲಿ ಮಣ್ಣು ಹೊತ್ತು ಏರಿಯ ಕಡೆ ಸಾಲುಗಟ್ಟುತ್ತಾರೆ. ಆ ಸಿಂಬೆ ಹಳೇ ಸೀರೆಯ ಚೂರು. ಮಧ್ಯಾಹ್ನ ಅದೇ ಬೆವರೊರೆಸುವ ಬಟ್ಟೆ, ಆಮೇಲೆ ಬುತ್ತಿ ಗಂಟಿನ ಮುಚ್ಚಳ. ಎಷ್ಟು ಆಳ ತೆಗೆದರೆಂದು ಎಂಜಿನಿಯರ್ ಅಳೆಯಬೇಕಲ್ಲ, ಅದಕ್ಕೆ ಚೌಕದ ನಡುವೆ ಒಂದು ಕಡೆ ಮಣ್ಣು ಮುಟ್ಟದೆ ಬಿಟ್ಟಿರುತ್ತಾರೆ. ಸುತ್ತ ಗುಂಡಿ, ನಡುವೆ ನೆತ್ತಿಯ ಮೇಲೆ ಒಣಹುಲ್ಲು ಹೊತ್ತ ಮಣ್ಣಿನ ಕಂಬ. ಅಳತೆ ಮುಗಿಯುವವರೆಗೆ ಅದು ಬೀಳಬಾರದು. ಒಂದು ಸಲ ಕುರಿಯೊಂದು ಬಂದು ಆ ಕಂಬಕ್ಕೆ ಮೈ ತಿಕ್ಕಿದಾಗ ಎದ್ದ ಬೊಬ್ಬೆ ನೀವು ಕೇಳಬೇಕಿತ್ತು. ಕುರಿಯ ಏಳು ತಲೆಮಾರಿಗೂ, ಕುರಿ ಕಾಯುವವನ ಹದಿನಾಲ್ಕು ತಲೆಮಾರಿಗೂ ತೆಲುಗು-ಕನ್ನಡ ಎರಡರಲ್ಲೂ ಮಂಗಳಾರತಿಯಾಯಿತು. ಬಯ್ಗುಳದ ವಿಷಯದಲ್ಲಿ ನಮ್ಮದು ಶ್ರೀಮಂತ ಗಡಿನಾಡು.

ಇನ್ನು ಫೋಟೋ. 2023ರಿಂದೀಚೆಗೆ ಹಾಜರಿ ಎಂದರೆ ಮೊಬೈಲು. ಬೆಳಿಗ್ಗೆ ಒಂದು ಸಲ, ಎರಡನೇ ಹೊತ್ತಿಗೆ ಒಂದು ಸಲ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಾಯಕ ಬಂಧು ಚಿತ್ರ ತೆಗೆದು ಆ್ಯಪಿಗೆ ಹಾಕಬೇಕು. ಬೇರೆ ರಾಜ್ಯಗಳಲ್ಲಿ ಮೇಟ್ ಎನ್ನುವವರಿಗೆ ನಮ್ಮಲ್ಲಿ ಕಾಯಕ ಬಂಧು ಎಂಬ ಹೆಸರಿಟ್ಟವರು ಯಾರೋ ಪುಣ್ಯಾತ್ಮರು, ಬಸವಣ್ಣನವರನ್ನು ಓದಿಕೊಂಡವರು. ಕೆರೆಯ ಗುಂಡಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಆ ಹುಡುಗಿ ಫೋನೆತ್ತಿ ಹಿಡಿದು ಏರಿ ಹತ್ತುತ್ತಾಳೆ, ಇವರು ಬಿಸಿಲಲ್ಲಿ ಸೆರಗು ಸರಿ ಮಾಡಿಕೊಂಡು ಕಾಯುತ್ತಾರೆ.

"ಈ ಫೋಟೋನ ಯಾರಮ್ಮ ನೋಡೋರು?" ಎಂದು ಕೇಳಿದೆ.

"ಅದ್ಯಾರೋ ಡೆಲ್ಲೀಲಿ ಕುಂತ್ಕಂಡು ನೋಡ್ತಾರಂತೆ ಕಣಣ್ಣ. ನೋಡ್ಲಿ ಬಿಡು. ನಮ್ಮನೇರು ಒಂದ್ ದಿನಾನಾ ಹಿಂಗೆ ನಿಲ್ಸಿ ನೋಡವ್ರಾ?"

ಸಾಲಿನ ಉದ್ದಕ್ಕೂ ನಗು. ಫೋಟೋ ಅಲುಗಾಡಿತೆಂದು ಕಾಯಕ ಬಂಧು ಸಿಡುಕಿದಳು, ಮತ್ತೊಮ್ಮೆ ನಿಲ್ಲಬೇಕಾಯಿತು.

ಡೆಲ್ಲಿ ಎಂದಾಗ ಒಂದು ಅಡ್ಡಮಾತು. ಈ ಖಾತ್ರಿ ಕೆಲಸ ಹುಟ್ಟಿದ್ದು ದೆಹಲಿಯಲ್ಲಾದರೂ ನಾಮಕರಣದ ತೊಟ್ಟಿಲು ತೂಗಿದ್ದು ನಮ್ಮ ನೆರೆಮನೆಯಲ್ಲಿ. ಹಿಂದೂಪುರ ಆಗ ಅನಂತಪುರ ಜಿಲ್ಲೆಯಲ್ಲೇ ಇತ್ತು. ಅದೇ ಜಿಲ್ಲೆಯ ಬಂಡ್ಲಪಲ್ಲಿ ಎಂಬ ಹಳ್ಳಿಯಲ್ಲಿ 2006ರ ಫೆಬ್ರುವರಿ 2ರಂದು ಪ್ರಧಾನಿ ಮನಮೋಹನ್ ಸಿಂಗ್ ಇದಕ್ಕೆ ಚಾಲನೆ ಕೊಟ್ಟರು. ನೀಲಿ ಪೇಟದ ಸಿಖ್ಖರೊಬ್ಬರು ಬರಗಾಲದ ರಾಯಲಸೀಮೆಗೆ ಬಂದು ಹೆಂಗಸರ ಕೈಗೆ ಜಾಬ್ ಕಾರ್ಡ್ ಇಟ್ಟದ್ದು ನನಗಂತೂ ಛಬೀಲಿನ ಇನ್ನೊಂದು ರೂಪವಾಗಿಯೇ ಕಾಣುತ್ತದೆ. ಅವರು ತೀರಿಕೊಂಡದ್ದು 2024ರ ಡಿಸೆಂಬರ್ 26ರಂದು. ಸರ್‌ಹಿಂದ್‌ನಲ್ಲಿ ಮಡಿದ ಆ ಎಳೆಯ ಮಕ್ಕಳ ಸ್ಮರಣೆಗೆಂದು ಸರ್ಕಾರ ಗೊತ್ತುಮಾಡಿದ ದಿನವೂ ಅದೇ. ಕಾಕತಾಳೀಯ, ಬಿಡಿ.

ಮೊದಲ ಕಂತಿನಲ್ಲಿ ಯೋಜನೆ ಸಿಕ್ಕಿದ್ದು ದೇಶದ 200 ಜಿಲ್ಲೆಗಳಿಗೆ, ಕರ್ನಾಟಕದ ಐದಕ್ಕೆ. ಆ ಐದರಲ್ಲಿ ಬೀದರ್ ಒಂದು. ನಮ್ಮ ಪಾಲಿಗೆ ಬಂದದ್ದು 2008ರ ಏಪ್ರಿಲ್ ಒಂದರಂದು, ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಮನೆ ಮಾಡಿದ ಹೊಸತರಲ್ಲಿ. ಬೀದರಿನ ಮಾತು ಬಂತು ನೋಡಿ, ಅದನ್ನು ಹೇಳದೆ ಮುಂದೆ ಹೋಗಲಾರೆ. ಸಿಖ್ಖರ ಹುತಾತ್ಮರು ಎಂದರೆ ಎಲ್ಲೋ ಪಂಜಾಬಿನವರು ಎಂದುಕೊಂಡಿದ್ದೀರಲ್ಲವೇ? 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ಬಿಚ್ಚುಗತ್ತಿ ಹಿಡಿದು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬ ನಮ್ಮ ಬೀದರಿನ ಕ್ಷೌರಿಕ, ಸಾಹಿಬ್ ಚಂದ್. ಆಮೇಲೆ ಭಾಯಿ ಸಾಹಿಬ್ ಸಿಂಗ್. ಚಮ್ಕೌರ್ ಕದನದಲ್ಲಿ ಆತ ಪ್ರಾಣ ಕೊಟ್ಟ. ಕರ್ನಾಟಕದ ಪಠ್ಯಪುಸ್ತಕದಲ್ಲಿ ಈತನಿಗೊಂದು ಪುಟವಾದರೂ ಇರಬೇಕಿತ್ತು ಎಂಬುದು ನನ್ನ ತಕರಾರು.

ಅದಕ್ಕಿಂತ ದೊಡ್ಡ ಕಥೆ ಮಾಯಿ ಭಾಗೋ ಎಂಬವಳದು. ಅಮೃತಸರದ ಹತ್ತಿರದ ಝಬಾಲ್ ಊರಿನ ಹೆಂಗಸು. ಆನಂದಪುರದ ಮುತ್ತಿಗೆಯ ಹಸಿವು ತಾಳಲಾರದೆ ನಲವತ್ತು ಮಂದಿ, ನೀನು ನಮ್ಮ ಗುರುವಲ್ಲ, ನಾವು ನಿನ್ನ ಶಿಷ್ಯರಲ್ಲ ಎಂದು ಕಾಗದ ಬರೆದುಕೊಟ್ಟು ಊರಿಗೆ ಬಂದುಬಿಟ್ಟಿದ್ದರು. ಭಾಗೋ ಅವರ ಮುಖದ ನೀರಿಳಿಸಿ, ತಾನೇ ಕುದುರೆಯೇರಿ ಅವರನ್ನು ತಿರುಗಿ ಕರೆದೊಯ್ದಳು. ಇಂದು ಮುಕ್ತಸರ್ ಎನ್ನುವ ಜಾಗದ ಕೆರೆಯ ಬಳಿ, ಹೌದು, ಅಲ್ಲೂ ಕೆರೆಯೇ, 1705ರ ಕೊನೆಯ ಹೊತ್ತಿಗೆ ಯುದ್ಧವಾಯಿತು. ನಲವತ್ತೂ ಜನ ಮಡಿದರು. ಗುರು ಆ ಕಾಗದವನ್ನು ಹರಿದುಹಾಕಿ ಅವರನ್ನು ಮುಕ್ತರೆಂದು ಕರೆದರು. ಭಾಗೋ ಗಾಯಗೊಂಡು ಬದುಕಿದಳು. 1708ರಲ್ಲಿ ನಾಂದೇಡಿನಲ್ಲಿ ಗುರು ತೀರಿಕೊಂಡ ಮೇಲೆ ಇನ್ನೂ ದಕ್ಷಿಣಕ್ಕೆ ಬಂದು, ಬೀದರಿನ ಹತ್ತಿರದ ಜನವಾಡದಲ್ಲಿ ನೆಲೆಸಿ, ಮುಪ್ಪಾಗಿ ಅಲ್ಲೇ ಸತ್ತಳು. ಅಲ್ಲಿ ಆಕೆಯ ಹೆಸರಿನ ಗುರುದ್ವಾರವಿದೆ. ಸಾಯದೆ ಉಳಿದ, ಬಾಳಿ ಮುಗಿಸಿದ ಹೆಂಗಸಿಗೂ ಹುತಾತ್ಮರ ಪಕ್ಕದಲ್ಲೇ ಜಾಗ ಕೊಟ್ಟಿದ್ದಾರೆ ಎಂಬುದು ನನಗೆ ತುಂಬ ಹಿಡಿಸಿತು.

ಏಕೆಂದರೆ ನಮ್ಮಲ್ಲಿ ಹಾಗಿಲ್ಲ. ನಮ್ಮ ಕೋಲಾರ-ಚಿಕ್ಕಬಳ್ಳಾಪುರದ ಬಯಲಲ್ಲಿ ಎಡವಿದರೆ ವೀರಗಲ್ಲು. ತುರು ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೆ ಕಲ್ಲು, ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಹೊಲ. ಹೆಂಗಸಿಗೆ ಮಾಸ್ತಿಕಲ್ಲು. ಒಂದು ಕಂಬ, ಕಂಬದಿಂದ ಮೇಲಕ್ಕೆ ಚಾಚಿದ ತೋಳು, ತೋಳ ತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಗಂಡನ ಚಿತೆಯಲ್ಲಿ ಬೆಂದವಳ ತೋಳದು. ಕೆರೆ ಕಟ್ಟಿಸಿದವನಿಗೆ ಶಾಸನವಿದೆ, ಅವನಿಗೆ ಬಿಟ್ಟ ಗದ್ದೆಯ ಎಲ್ಲೆ ಕೂಡ ಕಲ್ಲಿನಲ್ಲಿದೆ. ಕೆರೆ ಕಟ್ಟಲು ಮಣ್ಣು ಹೊತ್ತವಳಿಗೆ? ಇಡೀ ಸೀಮೆ ಸುತ್ತಿದರೂ ಮಂಕರಿ ಹೊತ್ತ ಹೆಂಗಸಿನ ಒಂದು ಕಲ್ಲು ನನ್ನ ಕಣ್ಣಿಗೆ ಬಿದ್ದಿಲ್ಲ. ಭಾಗೀರಥಿಯ ಕಥೆ ಇದೆಯಲ್ಲ ಎಂದೀರಿ. ಇದೆ, ಆಕೆಯೂ ಕೆರೆಗೆ ಹಾರವಾದ ಮೇಲೆಯೇ ಹಾಡಾದದ್ದು. ನಮ್ಮ ನೆನಪಿನ ಪುಸ್ತಕದಲ್ಲಿ ಹೆಸರು ಬರಬೇಕಾದರೆ ಹೆಣ್ಣು ಮೊದಲು ಸಾಯಬೇಕು.

ಹಾಗೆ ನೋಡಿದರೆ ಖಾತ್ರಿ ಕೆಲಸ ಒಂದು ಚಿಕ್ಕ ಕ್ರಾಂತಿ ಮಾಡಿದೆ, ಅದೂ ಸದ್ದಿಲ್ಲದೆ. ಹೊಲದ ಕೆಲಸದಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ಅಜ್ಜನ ಕಾಲದಿಂದ ಅದೇ ನ್ಯಾಯ. ಒಂದೇ ಬದುವಿನ ಮೇಲೆ ಇಬ್ಬರಿಗೂ ಒಂದೇ ದುಡ್ಡು ಕೊಟ್ಟ ಮೊದಲ ಧಣಿ ನಮ್ಮ ಕಡೆ ಈ ಯೋಜನೆಯೇ. 2025-26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ ಇತ್ತು. ಕಾಯ್ದೆ ಕೇಳಿದ್ದು ಮೂರರಲ್ಲಿ ಒಂದು ಪಾಲು ಹೆಂಗಸರಿರಲಿ ಎಂದು, ಬಂದದ್ದು ಅರ್ಧಕ್ಕೂ ಹೆಚ್ಚು. ಪಂಜಾಬಿನಲ್ಲೂ ಇದೇ ಕಥೆ, ಅಲ್ಲಿನ ಖಾತ್ರಿ ಕೆಲಸದಲ್ಲೂ ಹೆಂಗಸರೇ ಮುಂದು, ಅವರಲ್ಲಿ ಬಹುಪಾಲು ದಲಿತ ಮನೆಯವರು. ಗರ್ಭಿಣಿಯರಿಗೂ ವಯಸ್ಸಾದವರಿಗೂ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಎಂಬ ರಿಯಾಯಿತಿ ನಮ್ಮ ರಾಜ್ಯದಲ್ಲಿದೆ, ಮಕ್ಕಳಿಗೆ ಪಂಚಾಯ್ತಿಯ ಕೂಸಿನ ಮನೆಗಳಿವೆ. ಆದರೆ ಎಲ್ಲ ಚೆಂದವೆಂದು ಹೇಳಿದರೆ ಬಾಯಿ ಬೀಗಿಕೊಂಡೀತು. ಬಿಸಿಲಿಗೆ ನೆರಳು ಕಟ್ಟಬೇಕು ಎಂಬ ನಿಯಮ ಕಾಗದದ ನೆರಳಲ್ಲೇ ಇರುತ್ತದೆ. ರಾತ್ರಿ ಜೆಸಿಬಿ, ಹಗಲು ಹೆಂಗಸರ ಫೋಟೋ ಎಂಬ ಸುದ್ದಿಗಳೂ ರಾಜ್ಯದ ಅಲ್ಲಲ್ಲಿಂದ ಪತ್ರಿಕೆಗೆ ಬಂದಿವೆ. ಕೂಲಿಯಂತೂ ಹದಿನೈದು ದಿನದಲ್ಲಿ ಬರಬೇಕಾದದ್ದು ತಿಂಗಳುಗಟ್ಟಲೆ ಬ್ಯಾಂಕಿನ ದಾರಿಯಲ್ಲಿ ನಿದ್ದೆ ಹೊಡೆಯುವುದುಂಟು. ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ವಾಪಸು ಸುರಿದು ಬಾ ಎಂದಳು. ಇವರಿಗೆ ವಾಪಸು ಸುರಿಯುವ ಸಂಕಟವಿಲ್ಲ, ಬರಬೇಕಾದದ್ದೇ ಬಂದಿರುವುದಿಲ್ಲ.

ಎತ್ತಿದ ಹೂಳು ಎಲ್ಲಿ ಹೋಯಿತೆಂದು ಕೇಳಬೇಡಿ. ಗೋಡುಮಣ್ಣು ಎಂದರೆ ರೈತರಿಗೆ ಹಬ್ಬ, ಟ್ರ್ಯಾಕ್ಟರಿನಲ್ಲಿ ತುಂಬಿ ಹೊಲಕ್ಕೆ ಹೊಡೆಸುತ್ತಾರೆ. ಖಾಲಿಯಾದ ಕೆರೆಗೆ ನೀರೆಲ್ಲಿಂದ ಎಂದರೆ, ಮಳೆ ಬಂದರೆ ಮಳೆಯಿಂದ. ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥವಕ್ಕೆ ಬೆಂಗಳೂರಿನವರು ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟ ನೀರು ಸಂಸ್ಕರಣೆಯಾಗಿ ಬರುತ್ತದೆ. ರಾಜಧಾನಿಯವರ ಪ್ರಸಾದ.

ವಿದುರಾಶ್ವತ್ಥದ ಮಾತಿಗೆ ಬರೋಣ. ಅಲ್ಲಿ ಸ್ತೂಪವಿದೆ, ವೀರಸೌಧವಿದೆ. ಮಡಿದವರಲ್ಲಿ ಗೌರಮ್ಮ ಎಂಬ ಹೆಸರೂ ಇದೆ; ಬಸುರಿ ಹೆಂಗಸು ಎನ್ನುತ್ತಾರೆ. ಗೌರಮ್ಮ ಹುತಾತ್ಮಳಾಗುವುದಕ್ಕೆ ಮುಂಚೆ ಏನು ಮಾಡುತ್ತಿದ್ದಳೆಂದು ಯಾವ ಭಾಷಣದಲ್ಲೂ ಬರುವುದಿಲ್ಲ. ನೀರು ತಂದಿರುತ್ತಾಳೆ, ಕಳೆ ಕಿತ್ತಿರುತ್ತಾಳೆ, ರಾಗಿ ಬೀಸಿರುತ್ತಾಳೆ, ಮಣ್ಣು ಹೊತ್ತಿರುತ್ತಾಳೆ. ಈ ಸೀಮೆಯಲ್ಲಿ ಹುಟ್ಟಿದ ಹೆಣ್ಣುಮಗಳು ಇನ್ನೇನು ಮಾಡಿಯಾಳು? ಆ ಬದುಕಿಗೆ ಒಂದು ಗಳಿಗೆಯ ಗುಂಡು ಮುಚ್ಚಳ ಹಾಕಿತು. ನಮಗೆ ಮುಚ್ಚಳದ ನೆನಪಷ್ಟೇ ಉಳಿದಿದೆ.

ಆದ್ದರಿಂದ ತಾಲ್ಲೂಕಿನ ದೊಡ್ಡವರಲ್ಲಿ ನನ್ನದೊಂದು ಅರಿಕೆ. ಪ್ರತಿ ಏಪ್ರಿಲ್ 25ಕ್ಕೆ ಹಾರ ಹಿಡಿದು ವಿದುರಾಶ್ವತ್ಥಕ್ಕೆ ಬರುತ್ತೀರಿ, ಬನ್ನಿ. ಭಾಷಣ ಮುಗಿದ ಮೇಲೆ ಹತ್ತಿರದ ಯಾವುದಾದರೂ ಕೆರೆಯಲ್ಲಿ ಖಾತ್ರಿ ಕೆಲಸ ನಡೆಯುತ್ತಿರುತ್ತದೆ, ಅಲ್ಲಿಗಿಳಿದು ತಲೆಗೊಂದು ಬಾಂಡ್ಲಿ ಹೂಳು ಹೊರಿ. ಅಮೃತಸರದಲ್ಲಿ ಹೊರುವವರು ನಿಮಗಿಂತ ಚಿಕ್ಕವರೇನಲ್ಲ. ಖಾದಿಗೆ ಕೆಸರಾದರೆ ಒಗೆದರೆ ಹೋಗುತ್ತದೆ.

ಪಂಚಾಯ್ತಿಯ ಪಿಡಿಒ ಸಾಹೇಬರಿಗೂ ಒಂದು ಮಾತು. ಕೆಲಸದ ಜಾಗದಲ್ಲಿ ಸಿಮೆಂಟಿನ ನಾಮಫಲಕ ಹೇಗೂ ಕಟ್ಟಿಸುತ್ತೀರಿ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಮಾನವ ದಿನಗಳು ಎಂದು ಬಣ್ಣದಲ್ಲಿ ಬರೆಸುತ್ತೀರಿ. ಆ ಮಾನವ ದಿನಗಳು ಯಾರವೆಂದು ನಿಮ್ಮ ಹಾಜರಿ ಪಟ್ಟಿಯಲ್ಲಿದೆ. ಫಲಕದ ಹಿಂಭಾಗ ಪೂರ್ತಿ ಖಾಲಿ, ಅಲ್ಲಿ ಆ ಹೆಂಗಸರ ಹೆಸರು ಬರೆಸಿ. ಬಣ್ಣದ ಖರ್ಚು ಹೆಚ್ಚೇನೂ ಆಗದು. ಬರೆಸುವ ಮೊದಲು ಏಪ್ರಿಲ್ ತಿಂಗಳ ಕೂಲಿಯನ್ನು ಮೇ ಮುಗಿಯುವುದರೊಳಗೆ ಅವರ ಖಾತೆಗೆ ಹಾಕಿಸಿ.